ನಮ್ಮ ಅತ್ತೆ ಬಿಳಿ ಗುಲಾಬಿ ಕದ್ದದ್ದು

ನಮ್ಮ ಅತ್ತೆ ಜೀವಮಾನದಲ್ಲಿ ಒಂದೇ ಒಂದು ಕಳವು ಮಾಡಿದರು. ಅದನ್ನೂ ಮಾಡಿ ಮುಗಿಸಿ, ಚಾಕು ತೊಳೆದು ಇದ್ದ ಜಾಗದಲ್ಲೇ ಇಟ್ಟು ಬಂದರು.

ತೊಂಬತ್ತರ ದಶಕದ ನಡುವಿನ ಮಾತು. ಆಗ ನಾವು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಬಾಡಿಗೆಗಿದ್ದೆವು. ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಬಾಗಿಲಿಗೂ ಗೇಟಿಗೂ ನಡುವೆ ಒಂದು ಚಾಪೆ ಹಾಸಿದಷ್ಟು ಸಿಮೆಂಟ್ ನೆಲ. ನಳ ಬರುತ್ತಿದ್ದುದು ಎಂಟು ದಿನಕ್ಕೊಮ್ಮೆಯಾದ್ದರಿಂದ ಅದರಲ್ಲಿ ಅರ್ಧ ಜಾಗ ನೀರಿನ ಬ್ಯಾರಲ್ಲುಗಳದು. ಉಳಿದರ್ಧ ಅತ್ತೆಯ ತೋಟ. ತೋಟವೆಂದರೆ ತಳ ಒಡೆದ ಒಂದು ಬಕೆಟ್ಟು, ಎರಡು ಎಣ್ಣೆ ಡಬ್ಬಿ, ಒಂದು ಬಣ್ಣದ ಡಬ್ಬಿ. ಇಷ್ಟಕ್ಕೇ ಅವರು ಬಂದವರ ಮುಂದೆ ತೋಟದ ಕೆಲಸ ಭಾಳ ಆಯಿತೆಂದು ಸೊಂಟ ಹಿಡಿದುಕೊಳ್ಳುತ್ತಿದ್ದರು.

ಅವರಿಗೊಂದು ಆಸೆಯಿತ್ತು. ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡುವಾಗ ತಾವೇ ಬೆಳೆಸಿದ ಬಿಳಿ ಹೂವೊಂದನ್ನು ಏರಿಸಬೇಕು. ಪೇಟೆಯ ಹೂವು ಅವರ ಮನಸ್ಸಿಗೆ ಬರುತ್ತಿರಲಿಲ್ಲ. ಅದನ್ನು ಎಷ್ಟು ಮಂದಿ ಮೂಸಿರುತ್ತಾರೋ ಎಂಬ ಸಂಶಯ. ದೊಡ್ಡ ಗುಲಾಬಿ ಇಟ್ಟರೆ ಲಿಂಗವನ್ನೇ ಹುಡುಕಬೇಕಾಗುತ್ತಿತ್ತು. ಅಂಗೈಗೆ ಒಪ್ಪುವ ಹೂವು ಊರಲ್ಲಿ ಒಂದೇ ಕಡೆ ಇತ್ತು, ಎದುರು ಮನೆಯಲ್ಲಿ.

ಎದುರು ಮನೆಯಲ್ಲಿದ್ದವರು ಮಿಷನ್ ಶಾಲೆಯಲ್ಲಿ ಕಲಿಸುತ್ತಿದ್ದ ಟೀಚರು. ಓಣಿಗೆಲ್ಲ ಅವರು ಅಕ್ಕೋರು. ಒಬ್ಬರೇ ಇರುತ್ತಿದ್ದರು. ಅವರ ಪಡಸಾಲೆಯ ಕಟ್ಟೆಯ ಮೇಲೆ ಎಂಟು ಕುಂಡಗಳಲ್ಲಿ ಬಿಳಿ ಗುಲಾಬಿ. ಗಿಡ ಮೊಳಕಾಲಿಗಿಂತ ಎತ್ತರ ಹೋಗುತ್ತಿರಲಿಲ್ಲ, ಹೂವು ಸಣ್ಣ ನಿಂಬೆಹಣ್ಣಿನಷ್ಟು. ಒಂದೊಂದು ಟೊಂಗೆಗೂ ಐದಾರರ ಗೊಂಚಲು.

ಅತ್ತೆ ಕೇಳಿದ ಕೂಡಲೇ ಅಕ್ಕೋರು ಒಂದು ಟೊಂಗೆ ಕತ್ತರಿಸಿ ಕೊಟ್ಟರು. ಎಂಟು ದಿನಕ್ಕೆ ಅದು ಒಣಗಿತು. ಇನ್ನೊಂದು ಕೊಟ್ಟರು, ಅದೂ ಹೋಯಿತು. ಹೋಗದೆ ಏನು ಮಾಡೀತು? ಅತ್ತೆ ಅದನ್ನು ನೆಟ್ಟದ್ದು ನಮ್ಮ ಕಡೆಯ ಎರೆಮಣ್ಣಿನಲ್ಲಿ. ನೀರು ಹಾಕಿದರೆ ಅಂಟು, ಹಾಕದಿದ್ದರೆ ಬಿರುಕು. ಸಾಲದ್ದಕ್ಕೆ ದಿನಾ ಬೆಳಿಗ್ಗೆ ಟೊಂಗೆ ಕಿತ್ತು, ಬೇರು ಬಿಟ್ಟಿದೆಯೋ ಇಲ್ಲವೋ ನೋಡಿ, ಮತ್ತೆ ಚುಚ್ಚಿ ಇಡುತ್ತಿದ್ದರು. ಸಾಲಿ ಹುಡುಗರನ್ನೂ ಇಷ್ಟು ಸಲ ಪರೀಕ್ಷೆ ಮಾಡುವುದಿಲ್ಲ ಎಂದು ನಾನು ನಕ್ಕರೆ, ನಿನಗೇನು ತಿಳಿಯತೈತಿ ಎಂದು ಸುಮ್ಮನಾಗಿಸುತ್ತಿದ್ದರು.

ಮೂರನೆಯ ಸಲ ಹೋದಾಗ ಅಕ್ಕೋರು ಕೊಡಲಿಲ್ಲ. ಮಕ್ಕಳಿಗೆ ಮಗ್ಗಿ ಹೇಳಿಕೊಡುವ ದನಿಯಲ್ಲಿ ಹೇಳಿದರು:

"ಈ ಜಾತಿ ಕೊಟ್ಟರ ಹತ್ತೂದುಲ್ರಿ ಅವ್ವಾರ. ಕದ್ದರನ ಹತ್ತತೈತಿ. ನಾನೂ ಕದ್ದ ತಂದೇನಿ."

ಓಣಿಯ ಹೆಂಗಸರೆಲ್ಲ ಖರೇ ಖರೇ ಎಂದು ತಲೆ ಆಡಿಸಿದರು. ಎರೆಮಣ್ಣಿನ ವಿಷಯ ನನ್ನನ್ನು ಯಾರೂ ಕೇಳಲಿಲ್ಲ. ಅತ್ತೆ ಮಾತ್ರ ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದರು. ಕದಿಯುವುದಕ್ಕೆ ಧೈರ್ಯವಿಲ್ಲ ಎಂಬುದಷ್ಟೇ ಅವರ ಕಷ್ಟವಾಗಿರಲಿಲ್ಲ. ಸಂಜೆ ಅಕ್ಕಿ ಆರಿಸುತ್ತ ನನ್ನೆದುರು ಬಾಯಿ ಬಿಟ್ಟರು:

"ಕದಿಲಿಲ್ಲಂದ್ರ ಗಿಡಾ ಹತ್ತೂದುಲ್ಲ. ಕದ್ದರ ಆ ಹೂವು ದೇವರಿಗೆ ನಡಿಯೂದುಲ್ಲ. ನಾ ಏನ್ ಮಾಡ್ಲೆವಾ?"

ಈ ಲೆಕ್ಕ ನನಗೂ ಬಿಡಿಸಲಾಗಲಿಲ್ಲ.

ಅಷ್ಟರಲ್ಲಿ ಅಕ್ಕೋರಿಗೆ ನಿವೃತ್ತಿಯಾಯಿತು. ತಿಂಗಳ ಕೊನೆಗೆ ಸಾಮಾನು ಕಟ್ಟಿಕೊಂಡು ಧಾರವಾಡದ ತಂಗಿಯ ಮನೆಗೆ ಹೋಗುವುದು ನಿಶ್ಚಯವಾಯಿತು. ಕುಂಡಗಳೂ ಜೊತೆಗೆ ಹೋಗುವವು. ಅಕ್ಕೋರು ತಮ್ಮ ಕೈಲಾದಷ್ಟು ಸಹಾಯಕ್ಕೆ ನಿಂತರು. ಅತ್ತೆ ಬರುವುದನ್ನು ಕಂಡರೆ ಸಾಕು, ಕಟ್ಟೆಯ ಮೇಲೆ ಚಾಕು ಮರೆತು, ಚಹಾ ಇಡುತ್ತೇನೆಂದು ಒಳಗೆ ಹೋಗಿ, ಅರ್ಧ ಗಂಟೆ ಹೊರಗೇ ಬರುತ್ತಿರಲಿಲ್ಲ. ಎರಡು ಲೋಟ ಚಹಾಕ್ಕೆ ಅರ್ಧ ಗಂಟೆ. ನಮ್ಮ ಅತ್ತೆಯೋ, ಮನೆ ತೆರೆದು ಬಿಟ್ಟು ಹೋಗಿದ್ದಾರಲ್ಲ ಎಂದು ಗೇಟಿನ ಬಳಿ ಕಾವಲು ಕೂರುತ್ತಿದ್ದರು. ಒಂದು ದಿನ ಒಳಗೆ ನುಗ್ಗಿದ ಆಡೊಂದನ್ನು ಓಣಿಯ ತುದಿಯವರೆಗೆ ಅಟ್ಟಿಸಿಕೊಂಡು ಹೋಗಿ ಬಂದು, ನಿಮ್ಮ ಗುಲಾಬಿ ಉಳಿಸಿದೆನೆಂದು ವರದಿ ಒಪ್ಪಿಸಿದರು. ಅಕ್ಕೋರು ಹಣೆಗೆ ಕೈ ಹಚ್ಚಿದ್ದನ್ನು ನಾನು ನಮ್ಮ ಬಾಗಿಲಿನಿಂದ ನೋಡಿದೆ.

ಹೋಗುವ ದಿನ ಹತ್ತಿರ ಬಂತು. ಇನ್ನೆರಡೇ ದಿನ ಉಳಿದಿದ್ದವು. ಮಧ್ಯಾಹ್ನ ಊಟವಾದ ಮೇಲೆ, ಅಕ್ಕೋರು ಮಲಗುವ ಹೊತ್ತು ನೋಡಿ, ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ಎದ್ದರು. ನಾನು ಕಿಟಕಿಗೆ ಹೋಗಿ ನಿಂತೆ. ಅವರು ರಸ್ತೆ ದಾಟಿ ಗೇಟು ತೆರೆದು ಕುಂಡದ ಮುಂದೆ ನಿಂತರು. ಕೈ ಮುಗಿದರು, ದೇವರಿಗೋ ಗಿಡಕ್ಕೋ ತಿಳಿಯಲಿಲ್ಲ. ಆಮೇಲೆ ಅಕ್ಕೋರು ಎಂದಿನಂತೆ ಕಟ್ಟೆಯ ಮೇಲೆ ಮರೆತಿದ್ದ ಚಾಕು ತೆಗೆದುಕೊಂಡು ಪೆನ್ಸಿಲಿನಷ್ಟು ದಪ್ಪದ ಟೊಂಗೆಯೊಂದನ್ನು ಓರೆಯಾಗಿ ಕತ್ತರಿಸಿದರು. ಅಲ್ಲಿಂದ ಓಡಿ ಬರಬೇಕೋ ಬೇಡವೋ? ಇಲ್ಲ, ಕಟ್ಟೆಯ ಪಕ್ಕದಲ್ಲಿದ್ದ ಅಕ್ಕೋರ ಬ್ಯಾರಲ್ಲಿನ ನೀರಿನಲ್ಲಿ ಚಾಕು ತೊಳೆದು, ಸೆರಗಿನಿಂದ ಒರೆಸಿ, ಇದ್ದಲ್ಲೇ ಇಟ್ಟು, ಗೇಟಿನ ಚಿಲಕ ಹಾಕಿ ಬಂದರು. ಬೆರಳಿಗೆ ಮುಳ್ಳು ಚುಚ್ಚಿ ರಕ್ತ ಬಂದಿತ್ತು. ಅದೇ ತಮಗಾದ ಶಿಕ್ಷೆ ಎಂದರು.

ಈ ಸಲ ನಾನು ಸುಮ್ಮನಿರಲಿಲ್ಲ. ನಮ್ಮವರಿಗೆ ಹೇಳಿ ಧಾರವಾಡದ ಕಡೆಯ ಕೆಂಪುಮಣ್ಣನ್ನು ಸ್ಕೂಟರ್ ಮೇಲೆ ಒಂದು ಚೀಲ ತರಿಸಿದೆ. ಅರ್ಧ ಹಳೆಯ ಸಗಣಿಗೊಬ್ಬರ ಬೆರೆಸಿ, ಬಕೆಟ್ಟಿನ ತಳಕ್ಕೆ ಹೆಂಚಿನ ಚೂರು ಹಾಕಿ, ಟೊಂಗೆ ನೆಟ್ಟು, ಕೊಯ್ದ ಮೇಲ್ತುದಿಗೆ ಸಗಣಿ ಮೆತ್ತಿದೆ. ಅತ್ತೆಗೆ ಕಟ್ಟುನಿಟ್ಟಾಗಿ ಹೇಳಿದೆ, ಕಳವಿನ ಮಾಲು ಮುಟ್ಟಬಾರದು, ಮುಟ್ಟಿದರೆ ಸಿಕ್ಕಿಬೀಳುತ್ತೀರಿ. ಪಾಪ, ನಂಬಿದರು. ಅಕ್ಕಿ ತೊಳೆದ ನೀರನ್ನೂ ದೂರದಿಂದಲೇ ಹಾಕುತ್ತಿದ್ದರು.

ಅಕ್ಕೋರು ಹೊರಡುವ ದಿನ ಟೆಂಪೋ ಬಂದಾಗ ಅತ್ತೆ ಅವರ ಮುಖ ನೋಡಲಾರದೆ, ಒಲೆಯ ಮೇಲೆ ಹಾಲಿದೆ ಎಂದು ಒಳಗೇ ಉಳಿದರು. ಆ ಹೊತ್ತಿನಲ್ಲಿ ನಮ್ಮ ಒಲೆಯ ಮೇಲೆ ಏನೂ ಇರಲಿಲ್ಲ.

ಟೊಂಗೆ ಹತ್ತಿತು. ಮೊದಲು ಕೆಂಪು ಚಿಗುರು, ಮಳೆಗಾಲ ಮುಗಿಯುವಷ್ಟರಲ್ಲಿ ಗೇಣುದ್ದದ ಗಿಡ, ಚಳಿ ಶುರುವಾದಾಗ ಮೊಗ್ಗು. ಮೂರು ಹೂವು ಒಂದೇ ದಿನ ಅರಳಿದವು. ನಾನು ತಟ್ಟೆ ತೊಳೆದಿಟ್ಟು ಕಾದೆ. ಅತ್ತೆ ಸ್ನಾನ ಮಾಡಿ, ವಿಭೂತಿ ಹಚ್ಚಿ ಹೊರಗೆ ಬಂದರು, ಗಿಡದ ಮುಂದೆ ನಿಂತರು, ಎರಡು ಬಿಲ್ವದ ಎಲೆ ಅಷ್ಟೇ ಹಿಡಿದುಕೊಂಡು ಒಳಗೆ ಹೋದರು. ಮರುದಿನವೂ ಹಾಗೇ. ಹೂವು ಗಿಡದಲ್ಲೇ ಬಾಡಿ ಪಕಳೆ ಉದುರಿದವು. ಅವನ್ನು ಅವರೇ ಒಂದೊಂದಾಗಿ ಆರಿಸಿ ಗಿಡದ ಬುಡಕ್ಕೆ ಹಾಕಿದರು. ಅಷ್ಟು ದಿನ ಚೇಷ್ಟೆ ಮಾಡಿದ್ದ ನನಗೆ ಅವತ್ತು ನಗು ಬರಲಿಲ್ಲ.

ಮುಂದಿನ ಗೊಂಚಲು ಅರಳಿದಾಗ ಅತ್ತೆಯನ್ನು ಅಕ್ಕೋರ ಬಳಿಗೆ ನಾನೇ ಹೊರಡಿಸಿದೆ. ಹೂವುಗಳನ್ನು ಒದ್ದೆ ಬಟ್ಟೆ ಹಾಸಿದ ಸ್ಟೀಲಿನ ಡಬ್ಬಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆವು. ಉಣಕಲ್ ಕೆರೆ ದಾಟುವವರೆಗೂ ಅತ್ತೆ ಡಬ್ಬಿಯ ಮುಚ್ಚಳ ತೆರೆತೆರೆದು ನೋಡಿದರು. ದಾಟಿದ ಮೇಲೆ, ಅಕ್ಕೋರು ಬೈದರೆ ನೀನು ನಡುವೆ ಬಾಯಿ ಹಾಕಬೇಡ ಎಂದರು.

ಧಾರವಾಡದ ಆ ಮನೆಯ ಪಡಸಾಲೆಯಲ್ಲಿ ಅಕ್ಕೋರು ಕುರ್ಚಿ ಹಾಕಿ ಕೂಡಿಸಿದರು. ಅತ್ತೆ ಕೂರಲಿಲ್ಲ. ಡಬ್ಬಿ ತೆರೆದು ಮುಂದೆ ಚಾಚಿದರು.

"ನಿಮ್ಮ ಮಾಲು ನಿಮಗ ತಂದೇನ್ರಿ ಅಕ್ಕೋರ. ನಾ ಕದ್ದಿದ್ನಿ."

ಅಕ್ಕೋರು ಡಬ್ಬಿಯೊಳಗೆ ನೋಡಿ, ಅತ್ತೆಯನ್ನು ನೋಡಿ, ನಿಧಾನಕ್ಕೆ ನಗತೊಡಗಿದರು.

"ಕದಿಯೂವಾಗ ನಾ ಪಡದೆ ಹಿಂದನ ನಿಂತಿದ್ನಿ. ಕೆಮ್ಮು ಬಂದಿತ್ತು, ತಡಕೊಂಡು ತಡಕೊಂಡು ಕಣ್ಣಾಗ ನೀರ ಬಂತು. ನೀವು ನೋಡಿದರ ಆರಾಮ ಚಾಕು ತೊಳಕೋತ ನಿಂತ್ರಿ."

ಹಾಗಾದರೆ ಅದು ಕಳವೋ ಅಲ್ಲವೋ ಎಂದು ಅತ್ತೆ ಸಣ್ಣ ದನಿಯಲ್ಲಿ ಕೇಳಿದರು.

ಅಕ್ಕೋರು ಡಬ್ಬಿಯ ಮುಚ್ಚಳ ಹಾಕಿ ಅವರ ಕೈಯಲ್ಲೇ ಇಟ್ಟರು.

"ನಾ ಅವತ್ತ ಮನಸ್ನ್ಯಾಗ ಕೊಟ್ಟೇನಿ. ಧಾರಾಳ ದೇವರಿಗೆ ಏರಸ್ರಿ. ಗಿಡಕ್ಕ ಮಾತ್ರ ಹೇಳಬ್ಯಾಡ್ರಿ."

ಮರುದಿನ ಬೆಳಿಗ್ಗೆ ಬಿಳಿ ಹೂವು ಅತ್ತೆಯ ಅಂಗೈಯಲ್ಲಿ ಲಿಂಗದ ಪಕ್ಕ ಕೂತಿತ್ತು. ಪೂಜೆ ಎಂದಿಗಿಂತ ಹೆಚ್ಚು ಹೊತ್ತು ನಡೆಯಿತು. ಉಪ್ಪಿಟ್ಟು ಆರಿತು, ನಮ್ಮವರು ಹಾಗೇ ಕೆಲಸಕ್ಕೆ ಹೋದರು. ಅತ್ತೆ ಹೊರಗೆ ಬಂದಾಗ ಪಕ್ಕದ ಮನೆಗೆ ಹೊಸದಾಗಿ ಬಂದಾಕೆ ಗೇಟಿನ ಬಳಿ ನಿಂತು, ಎಷ್ಟು ಚೆಂದ ಬಂದಿದೆ, ಇದನ್ನು ಎಲ್ಲಿಂದ ತಂದಿರಿ ಎಂದು ಕೇಳಿದಳು. ಅತ್ತೆ ಗಾಬರಿಯಿಂದ ಗಿಡದ ಕಡೆ ಒಮ್ಮೆ ನೋಡಿ, ಆಕೆಯ ಕೈ ಹಿಡಿದು ಎಳೆದುಕೊಂಡು ಅಡುಗೆಮನೆಯವರೆಗೂ ಹೋದರು. ಬಾಗಿಲು ಮುಂದೆ ಮಾಡಿ, ಆಮೇಲೆ ಹೇಳಿದರು.