ಸುಂದರಾಬಾಯಿ ಸುಣ್ಣ ಹಚ್ಚಿದ ಗೋಡೆ

ಸುಂದರಾಬಾಯಿ ನನ್ನ ಪಕ್ಕದ ಮನೆಯವಳು. ಅವಳ ಹಿರಿಯರು ಭೀಮಾ ನದಿಯಲ್ಲಿ ದೋಣಿ ನಡೆಸುತ್ತಿದ್ದ ಅಂಬಿಗರು. ಅವಳು ಹೈದರಾಬಾದಿಗೆ ಬಂದು, ಮೂಸಿ ಹೊಳೆಯ ದಂಡೆಯ ನಮ್ಮ ಓಣಿಯಲ್ಲಿ ಮನೆ ಕಟ್ಟಿ ಮೂವತ್ತೊಂದು ವರ್ಷವಾಯಿತು. ಇಲ್ಲಿನ ಇಪ್ಪತ್ತಾರು ಮನೆಯವರೂ ಅಂಬಿಗರೇ. ಬೆಳಿಗ್ಗೆ ಮೀನು ಮಾರಿ ಬಂದವಳು ಬುಟ್ಟಿಯನ್ನು ಮೂರು ಸಲ ತೊಳೆಯುತ್ತಾಳೆ. ಅಷ್ಟು ಚೊಕ್ಕ.

ಮಳೆ ಈಗ ಮೊದಲಿನಂತಿಲ್ಲ. ಹದಿನೈದು ದಿನ ಬೀಳಬೇಕಾದ್ದು ಒಂದೇ ಮಧ್ಯಾಹ್ನ ಬೀಳುತ್ತದೆ, ದಂಡೆ ಕುಸಿಯುತ್ತದೆ. ಹೋದ ವರ್ಷ ಅವಳ ಹಿಂಗೋಡೆಯಿಂದ ಹೊಳೆಗೆ ಒಂಬತ್ತು ಮೊಳ ಇತ್ತು. ಈ ವರ್ಷ ನಾಲ್ಕು. ನಾನೇ ಅಳೆದಿದ್ದೇನೆ.

ಶ್ರಾವಣದಲ್ಲಿ, ದಂಡೆಯ ಮನೆಗಳನ್ನು ತೆರವು ಮಾಡಲು ಸರ್ಕಾರದ ಸರ್ವೆಯವರು ಬಂದು ಮುಂಗೋಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರ್ ಬರೆದರು. ನಂಬರಿದ್ದವರಿಗೆಲ್ಲ ಊರ ಅಂಚಿನ ಕುಷಾಯಿಗೂಡದ ಆಚೆ ಒಂದೇ ಕಟ್ಟಡದಲ್ಲಿ ಮನೆ. ನನ್ನದು ಹದಿನಾರು, ಅವಳದು ಹದಿನೇಳು.

ಮಹಾನವಮಿಗೆ ನಾವು ಮನೆಗೆ ಸುಣ್ಣ ಹಚ್ಚುವುದುಂಟು. ಬಿಟ್ಟುಹೋಗುವ ಮನೆಗೇಕೆ ಎಂದು ಈ ಸಲ ಯಾರೂ ಹಚ್ಚಲಿಲ್ಲ. ಸುಂದರಾಬಾಯಿ ಮಾತ್ರ ಎರಡು ಸಲ ಬಳಿದಳು, ನಂಬರಿನ ಮೇಲೂ.

"ಅವರು ಬರಕೊಂಡು ಹೋಗ್ಯಾರಲ್ಲ ಅಕ್ಕಾ, ಗ್ವಾಡಿ ಮ್ಯಾಲಿಂದು ಯಾಕ ಬೇಕು?" ಎಂದಳು.

ಹಬ್ಬ ಮುಗಿದ ಮೂರನೆಯ ದಿನ ಓಣಿಯ ಹಿರಿಯ ದ್ಯಾವಪ್ಪ ಸುದ್ದಿ ತಂದ. ನಾಳೆ ಸರ್ವೆಯವರು ಮತ್ತೆ ಬರುತ್ತಾರೆ, ನಂಬರಿನ ಪಕ್ಕ ಮನೆಯವರನ್ನು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ನಂಬರಿಲ್ಲದಿದ್ದರೆ ಮನೆಯೂ ಇಲ್ಲ.

"ಮನಿ ಬೆಳ್ಳಗ ಮಾಡಾಕ ಹೋಗಿ ನೀನ ಅಳಿಸಿ ಹೋದಿ ನೋಡವಾ," ಎಂದ ಅವನು. "ಇರಲಿ, ಕೆಂಪ ಬಣ್ಣ ತಂದು ನಾನ ಬರೀತೀನಿ."

"ಬ್ಯಾಡ ಮಾವಾ. ಖೊಟ್ಟಿ ಅಂತ ಗೊತ್ತಾದ್ರ ನಿಮ್ಮೆಲ್ಲಾರದೂ ತಡೀತಾರ."

ಅವಳು ಈಳಿಗೆಯ ತುದಿಯಿಂದ ಕೆರೆದಳು. ಸುಣ್ಣದ ಜೊತೆ ಕೆಂಪು ಚೂರೂ ಉದುರಿತು. ಕೈ ಹಿಡಿದು ನಿಲ್ಲಿಸಿದೆ. ಹುಳಿಗೆ ಸುಣ್ಣ ಕರಗುತ್ತದೆಂದು ಹುಣಸೆಹಣ್ಣು ನೆನೆಹಾಕಿ, ಆ ನೀರಿನಲ್ಲಿ ಅರಿವೆ ಅದ್ದಿ ಗೋಡೆಗೆ ಒತ್ತಿ ಹಿಡಿದೆವು. ತಿಕ್ಕಲಿಲ್ಲ. ಒತ್ತುವುದು, ತೆಗೆಯುವುದು, ಮತ್ತೆ ಒತ್ತುವುದು.

"ಏನರ ಕಾಣಾಕತ್ತೈತೇನಕ್ಕಾ?"

"ಒಂದು ಕಾಣ್ತದ. ಏಳು ಇನ್ನೂ ಇಲ್ಲ."

ಸಂಜೆಯ ಹೊತ್ತಿಗೆ ಏಳೂ ಕಂಡಿತು, ಕಾಲು ಮುರಿದಂತೆ. ಅವಳು ಕೆರೆದದ್ದು ಅಲ್ಲೇ.

ಮರುದಿನ ಸರ್ವೆಯವನು ಗೋಡೆ ನೋಡಿದ, ಕಾಗದ ನೋಡಿದ. "ಇದೇನಮ್ಮಾ, ಒಂದಾ, ಏಳಾ?" ಎಂದು ಹಿಂದಿಯಲ್ಲಿ ಕೇಳಿದ.

"ಆ ಕಡೆ ಹದಿನಾರು, ಈ ಕಡೆ ಹದಿನೆಂಟು. ನಡುವ ಏನ ಇರ್ತದ ನೀನ ಹೇಳಪ್ಪಾ," ಎಂದೆ ನಾನು, ಹಿಂದಿಯಲ್ಲೇ.

ಅವನು ನಕ್ಕು ಫೋಟೊ ತೆಗೆದ. ಪಟ್ಟಿ ಬರುವವರೆಗೆ ಗೋಡೆ ಮುಟ್ಟಬೇಡಿ, ಇನ್ನೊಮ್ಮೆ ನೋಡಬಹುದು ಎಂದು ಹೇಳಿ ಹೋದ.

ಪಟ್ಟಿ ಇನ್ನೂ ಬಂದಿಲ್ಲ. ನಿನ್ನೆ ಮೋಡ ಕವಿದಾಗ ಸುಂದರಾಬಾಯಿ ಸೋರುವ ಹಂಚಿನ ಮೇಲಿದ್ದ ತಾಡಪತ್ರಿಯನ್ನು ಕಿತ್ತು ತಂದು ಆ ನಂಬರಿಗೆ ಕಟ್ಟಿದಳು. ಮಳೆಯಲ್ಲಿ ಒಳಗೆ ಹಾಸಿಗೆಯೆಲ್ಲ ನೆನೆಯಿತು. ಅವಳು ಹೊರಗೆ ತಾಡಪತ್ರಿಯ ಅಂಚು ಹಿಡಿದು ನಿಂತೇ ಇದ್ದಳು.