ಯಾರೂ ಇಳಿಯದ ಸಿಟಿ ಬಸ್ಸು

ಮದುವೆಯಾಗಿ ನಾನು ದಾವಣಗೆರೆಯ ವಿದ್ಯಾನಗರಕ್ಕೆ ಬಂದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಮನೆಗಳು ದಿನಕ್ಕೊಂದರಂತೆ ಏಳುತ್ತಿದ್ದವು, ಸಿಟಿ ಬಸ್ಸು ಮಾತ್ರ ನಮ್ಮ ಕಡೆ ತಲೆ ಹಾಕಿರಲಿಲ್ಲ. ಹರಿಹರದ ಒಂದು ಶಾಲೆಯಲ್ಲಿ ನನಗೆ ತಾತ್ಕಾಲಿಕ ಟೀಚರ್ ಕೆಲಸ. ಎಂಟೂಮುಕ್ಕಾಲರ ಹರಿಹರ ಬಸ್ಸು ಹಿಡಿಯಬೇಕಾದರೆ ನಿಲ್ದಾಣದವರೆಗೆ ಮುಕ್ಕಾಲು ಗಂಟೆ ಕಾಲೆಳೆಯಬೇಕು. ಮನೆಯ ಒಂದೇ ಸೈಕಲ್ಲನ್ನು ನಮ್ಮವರು ಬೆಳಗಿನ ಆರಕ್ಕೇ ಹತ್ತಿಕೊಂಡು ಕಾಟನ್ ಮಿಲ್ಲಿಗೆ ಹೋಗಿಬಿಡುತ್ತಿದ್ದರು. ಎರಡು ಸಲ ತಡವಾಗಿ ಹೋಗಿ ಹಾಜರಿ ಪುಸ್ತಕದಲ್ಲಿ ಎರಡು ಕೆಂಪು ಗೆರೆ ಎಳೆಸಿಕೊಂಡಿದ್ದೆ. ಮೂರನೆಯದು ಬಿದ್ದರೆ ಮರುದಿನದಿಂದ ಬರುವುದೇ ಬೇಡ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದ್ದರು. ಹರಿಹರದಲ್ಲೇ ಮನೆಯಿದ್ದ ಇನ್ನೊಬ್ಬಳು ಆ ಜಾಗಕ್ಕೆ ಕಾದು ಕೂತಿದ್ದಳು.

ಅತ್ತೆಗಂತೂ ನನ್ನ ಕೆಲಸ ಕಂಡರೆ ಆಗುತ್ತಿರಲಿಲ್ಲ. ಯಾರಾದರೂ ಕೇಳಿದರೆ "ಸೊಸಿ ಹೊರಗೆ ಹೋಗ್ಯಾಳೆ" ಅನ್ನುತ್ತಿದ್ದರು. ಎಲ್ಲಿಗೆ, ಯಾಕೆ ಎಂದು ಸತ್ತರೂ ಬಾಯಿ ಬಿಡುತ್ತಿರಲಿಲ್ಲ.

ಬಡಾವಣೆಯವರು ಸೇರಿ ಬಸ್ಸಿಗಾಗಿ ಅರ್ಜಿ ಕೊಟ್ಟರು. ಸಾರಿಗೆ ಕಚೇರಿಯ ಸಾಹೇಬರು ಬಂದು ರಸ್ತೆ ನೋಡಿದರು, ಚಹಾ ಕುಡಿದರು, ಆಮೇಲೆ ಷರತ್ತು ಹಾಕಿದರು: "ಹದಿನೈದು ದಿನ ಓಡ್ಸಿ ನೋಡ್ತೀವ್ರಿ. ಡೀಸೆಲ್ ಖರ್ಚು ಹುಟ್ಟಿದ್ರೆ ಬಸ್ಸು ಇರ್ತೈತೆ, ಇಲ್ಲಾಂದ್ರೆ ಇಲ್ಲ. ಕಡೇ ದಿನ ನಾನೇ ಬಂದು ಕುಂತು ನೋಡ್ತೀನಿ."

ಬಸ್ಸೇನೋ ಬಂತು. ಆದರೆ ಅರ್ಜಿಗೆ ಸಹಿ ಹಾಕಿದವರಲ್ಲಿ ಮುಕ್ಕಾಲು ಪಾಲು ಸ್ಕೂಟರಿನವರು. ಬೆಳಗಿನ ಟ್ರಿಪ್ಪಿಗೆ ನಾವೊಂದು ಹತ್ತು ಹನ್ನೆರಡು ಜನ ಹತ್ತುತ್ತಿದ್ದೆವು. ಉಳಿದ ಟ್ರಿಪ್ಪುಗಳಲ್ಲಿ ಕಂಡಕ್ಟರು ಕಾಲು ಚಾಚಿ ಮಲಗುತ್ತಿದ್ದ.

ಆಗ ಅತ್ತೆ ಕಣಕ್ಕಿಳಿದರು. ನನಗೋಸ್ಕರ ಅಂದುಕೊಳ್ಳಬೇಡಿ. ಕೆ.ಬಿ. ಬಡಾವಣೆಯಲ್ಲಿದ್ದ ಅವರ ಅಕ್ಕ ಹಬ್ಬಕ್ಕೊಮ್ಮೆ ಬಂದು, ತಮ್ಮ ಮನೆ ಮುಂದೆಯೇ ಬಸ್ಸು ನಿಲ್ಲುತ್ತದೆಂದು ಚುಚ್ಚಿ ಹೋಗುತ್ತಿದ್ದರು. ಬಂದ ಬಸ್ಸು ವಾಪಸ್ ಹೋದರೆ ಅಕ್ಕನೆದುರು ತಲೆ ಎತ್ತುವುದು ಹೇಗೆ? ಅತ್ತೆ ಮನೆಮನೆಗೂ ಹೋಗಿ ಟಿಕೆಟ್ಟಿಗೆಂದು ಚಂದಾ ಎತ್ತಿ ಮಂಡಕ್ಕಿ ಡಬ್ಬಿಯಲ್ಲಿಟ್ಟರು. ಮನೆಯಲ್ಲಿ ಮಾಡುವ ಕೆಲಸವನ್ನೇ ಬಸ್ಸಿನಲ್ಲಿ ಕೂತು ಮಾಡಿದರಾಯಿತು ಎಂದು ಹೆಂಗಸರಿಗೆಲ್ಲ ಹೇಳಿಕೊಟ್ಟರು. ತಾವು ಮೊರ ಹಿಡಿದು ಜೋಳ ಹಸನು ಮಾಡುತ್ತ ಕೂತರು. ಪಕ್ಕದಲ್ಲಿ ಒಬ್ಬರು ಬೆಳ್ಳುಳ್ಳಿ ಬಿಡಿಸಿದರೆ, ಎದುರುಮನೆಯ ದರ್ಜಿ ಸಾಹೇಬರ ಹೆಂಡತಿ ಗಂಡನ ಅಂಗಡಿಯ ಅಂಗಿಗಳಿಗೆ ಗುಂಡಿ ಹಚ್ಚಿದರು. "ಮನೀಗಿಂತ ಇಲ್ಲೇ ಗಾಳಿ ಚಲೋ ಐತ್ರಿ" ಅಂತ ಅವರ ಹೊಗಳಿಕೆ ಬೇರೆ. ಬಸ್ಸು ರಸ್ತೆಯ ತಗ್ಗಿಗೆ ಇಳಿದಾಗಲೆಲ್ಲ ಜೋಳ ಚೆಲ್ಲಾಪಿಲ್ಲಿಯಾಗಿ, ಕಂಡಕ್ಟರು ಟಿಕೆಟ್ ಕೊಡುವುದು ಬಿಟ್ಟು ಕಾಳು ಆರಿಸುತ್ತಿದ್ದ. ಎಲ್ಲರೂ ವಾಪಸ್ ಟಿಕೆಟನ್ನೂ ತೆಗೆದುಕೊಂಡು, ಹತ್ತಿದಲ್ಲಿಗೇ ಬಂದು ಇಳಿಯುತ್ತಿದ್ದರು.

ಕಡೆಯ ದಿನ ಒಂದು ಸೀಟೂ ಖಾಲಿ ಇರಬಾರದೆಂದು ಅತ್ತೆಯ ಅಪ್ಪಣೆಯಾಯಿತು. ಬೆಳಿಗ್ಗೆ ಏಳಕ್ಕೇ ಹೆಂಗಸರು, ಅವರು ಎಳೆದು ತಂದ ನಾಲ್ಕಾರು ಗಂಡಸರು, ಎಲ್ಲ ಕಡೇ ಸ್ಟಾಪಾದ ನೀರಿನ ಟ್ಯಾಂಕಿನ ಹತ್ತಿರ ಬಸ್ಸು ಹತ್ತಿದರು. ನಿಲ್ದಾಣಕ್ಕೆ ಹೋಗಿ ಬಂದರು, ಇಳಿಯದೆ ಮತ್ತೆ ಹೊರಟರು. ಮುಂದಿನ ಸೀಟಿನಲ್ಲಿ ಸಾರಿಗೆ ಕಚೇರಿಯ ಸಾಹೇಬರು ಕಾಗದ ಹಿಡಿದು ಕೂತಿದ್ದರು.

ಎಂಟೂಕಾಲಕ್ಕೆ ನಮ್ಮ ಸ್ಟಾಪಿನಲ್ಲಿ ನಾನು ಕೈ ಅಡ್ಡ ಹಿಡಿದೆ. ಬಸ್ಸು ನಿಧಾನವಾಯಿತು, ನಿಲ್ಲಲಿಲ್ಲ. ಬಾಗಿಲಿಗೂ ಜನ ಜೋತುಬಿದ್ದಿದ್ದರು. "ಜಾಗ ಇಲ್ರೀ!" ಎಂದು ಕೂಗಿ ಕಂಡಕ್ಟರು ರೈಟ್ ಹೇಳಿದ. ಇನ್ನು ಓಡಿದರೂ ಹರಿಹರದ ಬಸ್ಸು ಸಿಗುವಂತಿರಲಿಲ್ಲ. ಬಸ್ಸು ಉಳಿಸಲು ಹೊರಟವರು ಬಸ್ಸು ಬೇಕಾದವಳನ್ನೇ ಬಿಟ್ಟು ಹೋಗುತ್ತಿದ್ದರು. ಸಿಟ್ಟಿಗೋ ದುಃಖಕ್ಕೋ, ನಡುಬೀದಿಯಲ್ಲಿ ನನಗೆ ಅಳು ಬಂತು.

ಅಷ್ಟರಲ್ಲಿ ಕಿಟಕಿಯಿಂದ ಒಂದು ಮೊರ ಹೊರಬಂದು ಬಸ್ಸಿನ ಮೈಮೇಲೆ ದಬದಬ ಬಡಿಯತೊಡಗಿತು.

"ಏ, ನಿಲ್ಸೋ! ನಮ್ಮ ಸೊಸಿ ಅಲ್ಲೇ ಉಳಿದ್ಲು!"

ಬಸ್ಸು ನಿಂತಿತು. ಅತ್ತೆ ಜನರನ್ನು ನೂಕಿಕೊಂಡು ಬಾಗಿಲಿಗೆ ಬಂದರು. ಕಂಡಕ್ಟರು ಪಿಸುಗುಟ್ಟಿದ: "ಅಮ್ಮಾರೆ, ಇಳೀಬ್ಯಾಡ್ರಿ. ಸಾಹೇಬ್ರು ತಲೆ ಎಣಿಸಾಕತ್ತಾರೆ."

"ಎಣಿಸ್ಲಿ ಬಿಡು. ನಮ್ಮ ಸೊಸಿ ಹರಿಹರದಾಗೆ ಸಾಲಿ ಟೀಚರ್ ಅದಾಳೆ. ಅಕಿ ಹೋಗಲಿಲ್ಲಾಂದ್ರೆ ಮಕ್ಕಳಿಗೆ ಪಾಠ ಯಾರು ಹೇಳ್ತಾರೆ, ನೀನಾ?"

ಇಡೀ ಬಸ್ಸಿಗೆ ಕೇಳುವಂತೆ ಹೇಳಿ, ಸೆರಗಿನ ತುಂಬ ಜೋಳ ಕಟ್ಟಿಕೊಂಡು ಅತ್ತೆ ಕೆಳಗಿಳಿದರು. ನನ್ನನ್ನು ಮೇಲಕ್ಕೆ ದಬ್ಬಿದರು.

ಅತ್ತೆ ಬಿಟ್ಟ ಸೀಟು ಸಾಹೇಬರ ಹಿಂದೆಯೇ ಇತ್ತು. ಸ್ವಲ್ಪ ಹೊತ್ತಿಗೆ ಅವರು ನನ್ನ ಕಡೆ ತಿರುಗಿದರು. "ಬೆಳಗಿಂದ ಬಸ್ಸು ತುಂಬಿ ಓಡಾಕತ್ತೈತೆ, ಒಬ್ರೂ ಇಳೀವಲ್ರು. ಇವ್ರೆಲ್ಲ ಎಲ್ಲಿಗೆ ಹೊಂಟಾರೆ ಅಂತ ನನ್ನ ತಲಿನೇ ಕೆಟ್ಟಿತ್ತು. ಬಸ್ಸು ಬ್ಯಾಡ ಅಂತ ಬರದೂ ಬಿಟ್ಟಿದ್ದೆ. ಈಗ ನೋಡ್ರಿ, ಒಬ್ರು ಇಳಿದ್ರು, ಒಬ್ರು ಹತ್ತಿದ್ರು. ದಿನಾ ನಿಮ್ಮಂಗೆ ಹೋಗೋರು ಎಷ್ಟು ಮಂದಿ ಅದಾರೆ? ಖರೇ ಹೇಳ್ರಿ."

"ಹತ್ತು ಹನ್ನೆರಡು ಮಂದಿ, ಸಾರ್. ಹೊತ್ತಿಗೆ ಸರಿಯಾಗಿ ಬಂದ್ರೆ ಇನ್ನೂ ಬರ್ತಾರೆ" ಎಂದೆ.

ಅವರು ಬರೆದದ್ದನ್ನು ಹೊಡೆದು ಹಾಕಿ, ಬೆಳಿಗ್ಗೆ ಎರಡು, ಸಂಜೆ ಎರಡು ಟ್ರಿಪ್ ಎಂದು ಬರೆದುಕೊಂಡರು. ಹರಿಹರದಲ್ಲಿ ನಾನು ಪ್ರಾರ್ಥನೆಯ ಗಂಟೆಗೆ ಮೊದಲೇ ಸಹಿ ಹಾಕಿದೆ.

ಸಂಜೆ ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಅದೇ ಜೋಳವನ್ನು ಮತ್ತೆ ಹಸನು ಮಾಡುತ್ತಿದ್ದರು. ಮೊರ ಬದಿಗಿಟ್ಟು ಎದ್ದರು.

"ಕೆ.ಬಿ. ಬಡಾವಣಿಗೆ ಹೋಗಿ ಅಕ್ಕಗೆ ಹೇಳಿ ಬರ್ತೀನಿ."

"ಬಸ್ಸು ಬಂತು ಅಂತಾ, ಅತ್ತಿ?"

"ಬಸ್ಸು ಅಕಿ ಮನಿ ಮುಂದೂ ಬರ್ತೈತೆ ಬಿಡು. ಟೀಚರ್ ಸೊಸಿ ಅದಾಳೇನು ಅಕಿಗೆ?"