ಒಲೆಯ ಮೇಲೆ ಒಣಗಿದ ಹಾಡುಗಳು

ಅಲೆವೂರಿಗೆ ಬಂದ ಮೂರನೆಯ ವಾರ ನನ್ನ ಬೆಲ್ಟಿಗೆ ಗಡ್ಡ ಬಂತು. ನನಗೇ ಇನ್ನೂ ಸರಿಯಾಗಿ ಬಂದಿರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಗೂಟಕ್ಕೆ ನೇತುಹಾಕಿದ್ದ ಬೆಲ್ಟಿನ ಉದ್ದಕ್ಕೂ ಬೂದುಬಣ್ಣದ ರೋಮ. ಯಾವುದೋ ಪ್ರಾಣಿಯ ಬಾಲವೆಂದು ನಾನು ಮಂಚ ಹತ್ತಿ ನಿಂತೆ. ಮನೆಯೊಡತಿ ಸೆವ್ರಿನ್ ಬಾಯಮ್ಮ ಬಂದು ಬೆರಳಿನಲ್ಲಿ ಒರೆಸಿ ತೋರಿಸಿದರು. "ಇದು ಬೂಷ್ಟು ಮಾರಾಯ್ರೆ. ಮಳೆಗಾಲ ಅಲ್ವಾ. ನಿಮ್ಮಲ್ಲಿ ಇಲ್ವಾ?"

ನಮ್ಮ ಗದಗಿನಲ್ಲಿ ಮಳೆ ಬೀಗರ ಹಾಗೆ ಬರುತ್ತದೆ. ತಡವಾಗಿ ಬಂದು, ಮುಖ ತೋರಿಸಿ, ಸಿಟ್ಟು ಮಾಡಿಕೊಂಡು ಹೋಗಿಬಿಡುತ್ತದೆ. ಇಲ್ಲಿಯದು ಮನೆಯಳಿಯ. ಜೂನಿನಲ್ಲಿ ಬಂದು ಕೂತರೆ ಏಳುವ ಮಾತೇ ಇಲ್ಲ.

ನನ್ನ ಕೆಲಸ ಮಣಿಪಾಲದ ಒಂದು ಛಾಪಖಾನೆಯಲ್ಲಿ ಪ್ರೂಫ್ ತಿದ್ದುವುದು. ದಿನವಿಡೀ ಕನ್ನಡ ಕಣ್ಣಿಗೆ ಬೀಳುತ್ತದೆ, ಕಿವಿಗೆ ಬೀಳುವುದಿಲ್ಲ. ಬಸ್ಸಿನಲ್ಲಿ ತುಳು, ಮನೆಯಲ್ಲಿ ಕೊಂಕಣಿ. ನಾನು ಬಾಯಿ ತೆರೆದರೆ ಮಾತ್ರ ಎಲ್ಲರೂ ನೆಟ್ಟಗೆ ಕೂತು, ಶಾಲೆಯ ಪಾಠ ಒಪ್ಪಿಸುವ ಹಾಗೆ ಕನ್ನಡ ಶುರುಮಾಡುತ್ತಾರೆ. ನನ್ನ "ಹೌದ್ರೀ" ಕೇಳಿದರೆ ಕಂಡಕ್ಟರನಿಗೆ ನಗು. ಅವನ "ಎಂತ ಬೇಕು" ಕೇಳಿ ನಾನು ನಗುವ ಹಾಗಿಲ್ಲ, ಚಿಲ್ಲರೆ ಅವನ ಕೈಯಲ್ಲಿರುತ್ತದೆ.

ಹೀಗೆ ಕಿವಿ ಉಪವಾಸ ಬಿದ್ದಿದ್ದಾಗ ಬಾಯಮ್ಮನವರ ಚಾವಡಿಯಲ್ಲಿ, ಕಸೂತಿ ಬಟ್ಟೆ ಹೊದ್ದು ಕೂತಿದ್ದ ಟೇಪ್ ರೆಕಾರ್ಡರ್ ಕಣ್ಣಿಗೆ ಬಿತ್ತು. ಮಗ ಲಾರೆನ್ಸ್ ಅದನ್ನು ಬಹ್ರೇನಿನಿಂದ ತಂದು, ನಡೆಸುವುದು ಹೇಗೆಂದು ಯಾರಿಗೂ ಹೇಳದೆ ವಾಪಸು ಹೋಗಿದ್ದ. ಟ್ರಂಕಿನಷ್ಟು ಭಾರ. ಮೇಲೆ ಎರಡು ಚಕ್ರ. ಒಂದರಿಂದ ಇನ್ನೊಂದಕ್ಕೆ ಕಂದು ಪಟ್ಟಿ ಸುತ್ತಿಕೊಳ್ಳುತ್ತ ಹೋದ ಹಾಗೆ ಮೈಕಿನ ಮುಂದಿನ ಸದ್ದೆಲ್ಲ ಅದರಲ್ಲಿ ಸೇರಿಕೊಳ್ಳುತ್ತದೆ. ನನಗೊಂದು ಆಸೆ ಹುಟ್ಟಿತು: ಪಕ್ಕದಲ್ಲಿದ್ದ ರೇಡಿಯೋದಲ್ಲಿ ಆಗೊಮ್ಮೆ ಈಗೊಮ್ಮೆ ಬರುವ ಕನ್ನಡ ಹಾಡುಗಳಲ್ಲಿ ನನಗೆ ಬೇಕಾದವನ್ನಷ್ಟೇ ಹೆಕ್ಕಿ, ಹಲ್ಲುಪುಡಿಯ ಜಾಹೀರಾತಿಲ್ಲದೆ, ಒಂದರ ಬೆನ್ನಿಗೆ ಒಂದು ಪೋಣಿಸಿಡಬೇಕು. ನನ್ನೊಬ್ಬನ ಕಿವಿಗಾಗಿ. ಆದರೆ ಟೇಪಿನ ಸುರುಳಿ ಇದ್ದದ್ದು ಒಂದೇ. ಇನ್ನೊಂದು ಸಿಗುತ್ತದೆಯೇ ಎಂದು ಉಡುಪಿಯ ಅಂಗಡಿಯಲ್ಲಿ ಕೇಳಿದರೆ ಹೊಲಿಗೆಯ ದಾರ ತೋರಿಸಿದರು.

ಮೊದಲ ಹಾಡು ಹಿಡಿದು ಕೇಳಿದೆ. ಗಾಯಕನ ಪತ್ತೆಯಿಲ್ಲ, ಮೈಕಿಗೆ ಮೂಗು ತಾಗಿಸಿ ಗುನುಗುತ್ತಿದ್ದ ನಾನೇ ತುಂಬಿಕೊಂಡಿದ್ದೆ. ಅಳಿಸಿದೆ. ಭಾನುವಾರ ಒಂದು ವಿರಹಗೀತೆ ಸಿಕ್ಕಿತು. ಎರಡನೆಯ ಚರಣಕ್ಕೆ ಸರಿಯಾಗಿ ಮಲ್ಪೆಯ ಮೀನಿನಾಕೆ ಅಂಗಳದಲ್ಲಿ ಬುಟ್ಟಿ ಇಳಿಸಿದಳು. ಅತ್ತ ನಾಯಕಿ ಪ್ರಾಣ ಬಿಡುತ್ತಿದ್ದರೆ ಇತ್ತ ಬಾಯಮ್ಮ ಜಗಳವಾಡಿ ಒಂದು ಬಂಗುಡೆ ಹೆಚ್ಚಿಗೆ ಹಾಕಿಸಿಕೊಳ್ಳುತ್ತಿದ್ದರು. ಅದನ್ನೂ ಅಳಿಸಿದೆ.

ಸಂಜೆ ಹಿಡಿಯೋಣವೆಂದರೆ ಅದು ತೇರ್ಸಿನ ಹೊತ್ತು. ತೇರ್ಸ್ ಎಂದರೆ ಇಲ್ಲಿಯ ಕ್ರೈಸ್ತರ ಮನೆಗಳಲ್ಲಿ ದಿನಾ ಸಂಜೆ ಮೊಣಕಾಲೂರಿ, ಜಪಮಣಿ ಎಣಿಸುತ್ತ ಗಟ್ಟಿಯಾಗಿ ಮಾಡುವ ಪ್ರಾರ್ಥನೆ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ.

"ಬಾಯಮ್ಮಾರ, ಇವತ್ತೊಂದಿನ ತೇರ್ಸ್ ಸ್ವಲ್ಪ ಲಗೂ ಮುಗಸ್ತೀರೇನ್ರಿ?"

"ದೇವರ ಹತ್ತಿರ ಅವಸರ ಮಾಡಲಿಕ್ಕೆ ಆಗುತ್ತದಾ? ನಿಮ್ಮ ರೇಡಿಯೋದವನಿಗೆ ಹೇಳಿ, ಸ್ವಲ್ಪ ನಿಲ್ಲಲಿ."

"ಅಂವಾ ಎಲ್ಲೋ ದೂರ ಕುಂತಾನ್ರಿ."

"ದೇವರು ಮತ್ತೆ ಹತ್ತಿರ ಕೂತಿದ್ದಾರಾ?"

ಹಾಗೆಂದವರು ಮರುದಿನದಿಂದ ಜಪಮಾಲೆ ಹಿಡಿದು ಅಡುಗೆಮನೆಗೆ ಹೋದರು. ಪ್ರಾರ್ಥನೆಯ ನಡುವೆ ಎದ್ದುಬಂದು ಅಂಗಳದ ಹುಂಜವನ್ನೂ ಓಡಿಸುತ್ತಿದ್ದರು. ಹೀಗೆ ಹಿಡಿದು, ಅಳಿಸಿ, ಮತ್ತೆ ಹಿಡಿದು, ಆಷಾಢ ಕಳೆಯುವಷ್ಟರಲ್ಲಿ ಆ ವಿರಹಗೀತೆಯೂ ಸೇರಿ ಸುರುಳಿ ತುಂಬಿತು. ಊರು ಬಿಟ್ಟ ಮೇಲೆ ನನ್ನದು ಅಂತ ನಾನು ಮಾಡಿಕೊಂಡ ಮೊದಲ ವಸ್ತು. ಇದೊಂದಿದ್ದರೆ ಇಲ್ಲಿ ಹೇಗೋ ಬದುಕಬಹುದು ಅನ್ನಿಸಿತು.

ಅಷ್ಟರಲ್ಲಿ ಛಾಪಖಾನೆಯ ಕೆಲಸಕ್ಕೆ ಕಾರ್ಕಳಕ್ಕೆ ಹೋಗಿ ಕೆಲವು ದಿನ ಉಳಿಯಬೇಕಾಯಿತು. ತಿರುಗಿ ಬಂದರೆ ಯಂತ್ರ ಉಂಟು, ಸುರುಳಿ ಇಲ್ಲ.

"ಹೆದರಬೇಡಿ, ಭದ್ರ ಉಂಟು," ಎಂದರು ಬಾಯಮ್ಮ. "ಬೂಷ್ಟು ಹಿಡಿಯಲಿಕ್ಕೆ ಶುರುವಾಗಿತ್ತು. ಅಟ್ಟದಲ್ಲಿ ಇಟ್ಟಿದ್ದೇನೆ."

ಇಲ್ಲಿಯ ಅಡುಗೆಮನೆಗಳಲ್ಲಿ ಒಲೆಯ ನೇರ ಮೇಲೆ ಬಿದಿರಿನ ಅಟ್ಟ ಇರುತ್ತದೆ. ಮಳೆಗಾಲದಲ್ಲಿ ಕೆಡಬಾರದ್ದೆಲ್ಲ ಅದರ ಮೇಲೆ: ಒಣಮೀನು, ಬೆಂಕಿಪೆಟ್ಟಿಗೆ, ಬಿತ್ತನೆಯ ಬೀಜ. ಏಣಿ ಹತ್ತಿ ನೋಡಿದೆ. ಒಣಸಿಗಡಿಯ ಪಕ್ಕದಲ್ಲಿ, ಹೊಗೆ ಕುಡಿದು, ನನ್ನ ಸುರುಳಿ ಹಪ್ಪಳದ ಹಾಗೆ ಸೊಟ್ಟಗಾಗಿತ್ತು.

"ಇದನ್ಯಾಕ ಒಲಿ ಮ್ಯಾಲೆ ಇಟ್ರಿ ಬಾಯಮ್ಮಾರ? ಪ್ಲಾಸ್ಟಿಕ್ ಐತ್ರಿ ಇದು."

ಅವರ ಮುಖ ಸಣ್ಣದಾಯಿತು. "ಹಾಳಾಗಬಾರದು ಅಂತ ಇರುವುದನ್ನೆಲ್ಲ ನಾನು ಅಲ್ಲೇ ಇಡುವುದು. ನಿಮ್ಮದನ್ನು ಮಾತ್ರ ಹೊರಗೆ ಬಿಡುವುದು ಹೇಗೆ?"

ಗದಗಿನ ಒಳ್ಳೊಳ್ಳೆಯ ಬೈಗುಳಗಳನ್ನು ತುದಿನಾಲಿಗೆಗೆ ತಂದುಕೊಂಡು ನಿಂತಿದ್ದೆ. ಒಂದನ್ನೂ ಬಳಸಲಾಗಲಿಲ್ಲ. ಸಿಟ್ಟು ಬಂದಾಗ ಬೈಯಲೂ ಬಿಡದ ಇಂಥ ಜನರ ಜೊತೆ ಹೇಗೆ ಬಾಳುವುದು ಹೇಳಿ.

ಇಬ್ಬರೂ ಕೂತು ಯಂತ್ರ ಹಚ್ಚಿದೆವು. ಚಕ್ರ ಕುಂಟುತ್ತಿತ್ತು. ಹಾಡು ಏರುತ್ತದೆ, ಇಳಿಯುತ್ತದೆ, ತೂಕಡಿಸಿ ಮತ್ತೆ ಎಚ್ಚರಾಗುತ್ತದೆ. ಒಂದು ಪದ ಹೇಳುವುದಕ್ಕೆ ಗಾಯಕ ಬಸ್ಸು ಹತ್ತಿ ಕಾಪುವಿನ ತನಕ ಹೋಗಿ ಬರುತ್ತಿದ್ದ. ಬಾಯಮ್ಮ ಕೊನೆಯ ತನಕ ಕೇಳಿ, ಸಮಾಧಾನದ ದನಿಯಲ್ಲಿ ಹೇಳಿದರು: "ದೊಡ್ಡ ಸಂಗೀತದವರು ಹೀಗೆಯೇ ಎಳೆಯುವುದಲ್ವಾ?"

ಬೇರೆ ಸುರುಳಿ ಇಲ್ಲ. ಮಳೆಗಾಲ ಮುಗಿಯುವ ತನಕ, ತೇರ್ಸ್ ಆದ ಮೇಲೆ, ದಿನಾ ಅದನ್ನೇ ಕೇಳಿದೆ. ಬಾಯಮ್ಮನೂ ಜಪಮಾಲೆ ಕೈಯಲ್ಲೇ ಇಟ್ಟುಕೊಂಡು ಬಂದು ಕೂರುತ್ತಿದ್ದರು.

ದೀಪಾವಳಿಗೆ ಗದಗಿಗೆ ಹೋದೆ. ಅಣ್ಣ ಪಡಸಾಲೆಯಲ್ಲಿ ರೇಡಿಯೋ ಹಚ್ಚಿದ್ದ, ಅದೇ ವಿರಹಗೀತೆ ಬಂತು. ನನಗೆ ತಡೆಯಲಾಗಲಿಲ್ಲ. "ಇಕೀ ಯಾಕ ಹಿಂಗ ಓಡಾಕತ್ತಾಳ? ಬಸ್ ತಪ್ಪತೈತೇನು?"

"ಹಾಡು ಇರೋದ ಹಂಗ ಐತಲೇ," ಎಂದ ಅಣ್ಣ.

ಹಾಡುವುದು ಹೇಗೆಂದು ತೋರಿಸಲು ನಾನೇ ದನಿ ಎತ್ತಿದೆ. ಏರಿಸಿ, ಇಳಿಸಿ, ಬೇಕಾದಲ್ಲಿ ಕುಂಟಿದೆ. ರೇಡಿಯೋದಲ್ಲಿ ಹಾಡು ಮುಗಿದು ಜಾಹೀರಾತು ಶುರುವಾದರೂ ನಾನಿನ್ನೂ ಎರಡನೆಯ ಚರಣದಲ್ಲಿದ್ದೆ. ಒಳಗಿನಿಂದ ಅವ್ವ ಕೇಳಿದಳು: "ಯಾರ ಬಂದಾರೋ ಹೊರಗ?"

"ಯಾರೋ ಘಟ್ಟದ ಕೆಳಗಿನವರವ್ವಾ," ಎಂದ ಅಣ್ಣ.

ಅಲೆವೂರಿನಲ್ಲಿ ನನ್ನನ್ನು ಘಟ್ಟದ ಮೇಲಿನವರು ಎನ್ನುತ್ತಾರೆ. ಲೆಕ್ಕದ ಪ್ರಕಾರ ನಾನು ಇಳಿಯಬೇಕಾದದ್ದು ಎರಡರ ನಡುವೆ, ಬಸ್ಸು ನಿಲ್ಲಿಸದ ಯಾವುದೋ ತಿರುವಿನಲ್ಲಿ.